ಹಿಮದಡಿಯ ನೌಕೆಗೆ ರುಸೈಲಿನ ಬಳೆ

ಸಮುದ್ರದ ಆಳಕ್ಕಿಳಿಯುವ ನೌಕೆಗಳ ಬಗ್ಗೆ ಬರೆಯುವವರು ವಿನ್ಯಾಸಕಾರರನ್ನು ಕೊಂಡಾಡುತ್ತಾರೆ, ಕಪ್ತಾನರನ್ನು ಕೊಂಡಾಡುತ್ತಾರೆ. ಬಾಗಿಲಿನ ಸುತ್ತ ಕುಳಿತು ನೀರನ್ನು ಹೊರಗೇ ತಡೆಯುವ ರಬ್ಬರ್ ಬಳೆಯನ್ನಾಗಲಿ, ಆ ಬಳೆಯನ್ನು ಒತ್ತಿ, ಎಳೆದು, ಹಿಂಡಿ ನೋಡಿ ‘ಆಗಬಹುದು’ ಎಂದು ಸಹಿ ಹಾಕಿದವರನ್ನಾಗಲಿ ನೆನೆಯುವುದು ಕಡಿಮೆ. ಒಮಾನಿನ ರುಸೈಲ್ ಕೈಗಾರಿಕಾ ಪ್ರದೇಶದ ರಬ್ಬರ್ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷ ಅಂಥ ಸಹಿ ಹಾಕಿ ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ಆಲ್ಬಿನಾ ಪಿಂಟೊ ಅವರಿಗೆ ಈ ಸಂಪುಟದಲ್ಲಿ ಕೆಲವು ಪುಟಗಳು ಸಲ್ಲುವುದು ನ್ಯಾಯವೇ. ಜೊತೆಗೆ, ಯಾರೋ ಬಹಳ ಹಿಂದೆಯೇ ಹೇಳಬೇಕಾಗಿದ್ದ ಒಂದು ಮಾತೂ ಇಲ್ಲಿ ದಾಖಲಾಗಬೇಕಿದೆ.

ಮೂಡುಬಿದಿರೆ ಕಡೆಯ ಆಲ್ಬಿನಾ ಅವರು ರಸಾಯನಶಾಸ್ತ್ರದ ಪದವಿ ಕೈಯಲ್ಲಿ ಹಿಡಿದು ೧೯೯೯ರಲ್ಲಿ ಪರೀಕ್ಷಾ ವಿಭಾಗದ ಸಹಾಯಕಿಯಾಗಿ ಸೇರಿದರು. ಆಗ ಅಲ್ಲಿ ತಯಾರಾಗುತ್ತಿದ್ದದ್ದು ನೀರಿನ ಪಂಪುಗಳ ವಾಷರು, ಕೊಳವೆಗಳ ಸೀಲು. ಕೂದಲೆಳೆಯಷ್ಟು ಗೆರೆ ಕಂಡರೂ ಇಡೀ ಪೆಟ್ಟಿಗೆಯನ್ನೇ ವಾಪಸು ಕಳಿಸುವ ಅವರನ್ನು ಕಂಡರೆ ಅಚ್ಚಿನ ವಿಭಾಗದವರು ದಾರಿ ಬದಲಿಸುತ್ತಿದ್ದರು. ಅದೇ ಜನ ಶುಕ್ರವಾರ ಬಂತೆಂದರೆ ಅಲ್ ಅಮೇರಾತ್‌ನ ಅವರ ಮನೆಯಲ್ಲಿ ನೀರುದೋಸೆ, ಕೋಳಿ ಸಾರಿಗೆ ಸಾಲಾಗಿ ಕೂರುತ್ತಿದ್ದರು. ಊರಿನಿಂದ ಹೊಸದಾಗಿ ಬಂದವರ ಮೊದಲ ಶುಕ್ರವಾರದ ಊಟ ಅವರಲ್ಲೇ ಆಗಬೇಕೆಂಬುದು ಕಾರ್ಖಾನೆಯ ಅಲಿಖಿತ ನಿಯಮ. ಮುಸ್ಲಿಮ್ ಸಹೋದ್ಯೋಗಿಗಳಿಗೆಂದೇ ಅವರು ಹಂದಿಮಾಂಸ ತಾಗದ ಬೇರೆ ಪಾತ್ರೆಗಳನ್ನು ಇಟ್ಟಿದ್ದರು. ಕೋಳಿಯನ್ನು ಯಾವ ಅಂಗಡಿಯಿಂದ ತಂದದ್ದೆಂದು ಕೇಳುವ ಮೊದಲೇ ಹೇಳಿಬಿಡುತ್ತಿದ್ದರು.

ಅಂಥ ಒಂದು ಶುಕ್ರವಾರ, ೨೦೧೯ರ ಫೆಬ್ರವರಿಯಲ್ಲಿ, ಅವರ ಮನೆಯಲ್ಲಿ ಉಂಡವಳು ಉಳ್ಳಾಲದ ಇಂಜಿನಿಯರ್ ನಾಝಿಯಾ. ಆರು ತಿಂಗಳು ಪರೀಕ್ಷಾರ್ಥ ನೇಮಕ. ಅದರಲ್ಲಿ ಎಡವಿದರೆ ವೀಸಾ ರದ್ದು, ಊರಿನ ದಾರಿ. ಅವಳು ಸೇರಿದ ಹೊತ್ತಿಗೇ ಕಾರ್ಖಾನೆಗೆ ಅದುವರೆಗೆ ಕಂಡಿರದಂಥ ಬೇಡಿಕೆ ಬಂದಿತ್ತು. ಉತ್ತರ ಧ್ರುವದ ಮಂಜುಗಡ್ಡೆಯ ಕೆಳಗೆ ಮೂವರು ಸಂಶೋಧಕರನ್ನು ಹೊತ್ತು ಇಳಿಯುವ ಪುಟ್ಟ ಜಲಾಂತರ್ಗಾಮಿಯೊಂದಕ್ಕೆ ನಲವತ್ತು ಬಳೆ ಬೇಕಿತ್ತು. ಬೇರೆ ಸಮುದ್ರದಲ್ಲಿ ನೀರು ಒಸರಿದರೆ ಮೇಲೆ ಬಂದುಬಿಡಬಹುದು. ಅಲ್ಲಿ ಮೇಲೆ ಬರೋಣವೆಂದರೆ ತಲೆಯ ಮೇಲೆ ಮಂಜುಗಡ್ಡೆಯ ಚಾವಣಿ. ಹಡಗಿನ ಅಟ್ಟದ ಮೇಲೆ, ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಗಾಳಿಯಲ್ಲಿ, ರಾತ್ರಿಯಿಡೀ ನಿಂತ ನೌಕೆ ಹಾಗೆಯೇ ನೀರಿಗಿಳಿಯಬೇಕು. ಚಳಿಗೆ ಮರಗಟ್ಟಿದ ರಬ್ಬರು ಬಾಗಿಲಿಗೆ ಅಂಟಿ ಕೂರದಿದ್ದರೆ ಒಳಗಿನ ಮೂವರ ಕಥೆ ಮುಗಿಯಿತು.

ಚಳಿಯನ್ನೇ ಕಾಣದ ರುಸೈಲಿನಲ್ಲಿ ಅಂಥ ಚಳಿ ತರುವುದೆಲ್ಲಿಂದ? ನಾಝಿಯಾ ಉಪಾಯ ಹೂಡಿದಳು. ಪಕ್ಕದ ಆವರಣದಲ್ಲೇ ಮೀನು ರಫ್ತು ಮಾಡುವ ಮಮ್ಮದ್ ಬ್ಯಾರಿಯವರ ಶೀತಲ ಕೋಣೆ ಇತ್ತು, ಅದರೊಳಗೆ ಅಷ್ಟೇ ಚಳಿ. ಬಳೆಗಳನ್ನು ಅಲ್ಲಿ ಒಂದು ದಿನ ಇಟ್ಟು, ತಟ್ಟೆಯಲ್ಲಿ ಅಂಗಳ ದಾಟಿಸಿ ತಂದು, ನಮ್ಮ ಒತ್ತಡದ ಯಂತ್ರಕ್ಕೆ ಹಾಕುವುದು. ಅವಳು ಬರೆದುಕೊಟ್ಟ ಆ ವಿಧಾನವನ್ನು ಆಲ್ಬಿನಾ ಓದಿ ಒಪ್ಪಿದರು. ಪರೀಕ್ಷಾರ್ಥ ನೇಮಕದವರು ಸಹಿ ಹಾಕುವಂತಿರಲಿಲ್ಲವಾದ್ದರಿಂದ ‘ವಿಧಾನ ಸಿದ್ಧಪಡಿಸಿದವರು’ ಎಂಬ ಸಾಲು ಖಾಲಿ ಉಳಿಯಿತು. ನಲವತ್ತು ಬಳೆಗಳೂ ಪಾಸಾದವು. ನಲವತ್ತಕ್ಕೂ ಆಲ್ಬಿನಾ ಸಹಿ ಬಿತ್ತು.

ಮೇ ತಿಂಗಳ ಒಂದು ಮಧ್ಯಾಹ್ನ, ಗ್ರಾಹಕರಿಗೆ ತೋರಿಸಲೆಂದು ಒಂದು ಬಳೆಯನ್ನು ಮತ್ತೊಮ್ಮೆ ಪರೀಕ್ಷಿಸಬೇಕಾಗಿ ಬಂದು, ತಟ್ಟೆ ಹಿಡಿದು ತರಲು ಆಲ್ಬಿನಾ ತಾವೇ ಹೋದರು. ಶೀತಲ ಕೋಣೆಯಿಂದ ಹೊರಬಿದ್ದೊಡನೆ ಅವರ ಕನ್ನಡಕ ಪೂರ್ತಿ ಮಂಜಾಯಿತು. ಅಂಗಳದಲ್ಲಿ ನಲವತ್ತನಾಲ್ಕು ಡಿಗ್ರಿ ಬಿಸಿಲು. ನಿಂತು, ಸೆರಗಿನಿಂದ ಕನ್ನಡಕ ಒರೆಸಿ ಹಾಕಿಕೊಂಡು ನೋಡಿದರೆ ತಟ್ಟೆಯಲ್ಲಿದ್ದ ಬಳೆ ಬೆವರುತ್ತಿತ್ತು. ಹೆಬ್ಬೆರಳಲ್ಲಿ ಒತ್ತಿದರು, ಮೆತ್ತಗಿತ್ತು. ಒಳಗೆ ಮರದ ತುಂಡಿನಂತಿದ್ದದ್ದು ಎರಡೇ ನಿಮಿಷದಲ್ಲಿ ಹದವಾಗಿಬಿಟ್ಟಿತ್ತು. ವರ್ಷವಿಡೀ ಬಿಸಿಲಲ್ಲೇ ಬದುಕುವವರಿಗೆ ಬಿಸಿಲೂ ಒಂದು ಲೆಕ್ಕಕ್ಕೆ ಬರುತ್ತದೆಂದು ಹೊಳೆದಿರಲೇ ಇಲ್ಲ. ಇಷ್ಟು ದಿನ ಬಳೆಗಳ ಪರೀಕ್ಷೆಯಾದದ್ದು ಧ್ರುವದ ಚಳಿಯಲ್ಲಲ್ಲ, ರುಸೈಲಿನ ಅಂಗಳದ ಬಿಸಿಯಲ್ಲಿ.

ಬಳೆಗಳು ಇನ್ನೂ ಉಗ್ರಾಣದಲ್ಲಿದ್ದವು, ಹಡಗು ಹತ್ತಲು ಆರು ವಾರವಿತ್ತು. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಲ್ಬಿನಾ ತಟ್ಟೆಯ ಸಮೇತ ನೇರವಾಗಿ ಕಾರ್ಖಾನೆಯ ಮುಖ್ಯಸ್ಥರಾದ ಮೈಸೂರಿನ ಗೋಪಾಲಕೃಷ್ಣ ಅವರ ಕೋಣೆಗೆ ನಡೆದರು. ನಾಝಿಯಾ ಬಾಗಿಲ ಬಳಿ ನಿಂತಿದ್ದಳು.

“ಏನ್ರೀ ಇದು ಆಲ್ಬಿನಾ, ನಲವತ್ತಕ್ಕೂ ನೀವೇ ಪಾಸ್ ಅಂತ ಬರೆದಿದ್ದೀರಲ್ರೀ!”

“ಬರ್ದದ್ದು ತಪ್ಪು ಸಾರ್. ಅದನ್ನೇ ಹೇಳ್ಲಿಕ್ಕೆ ಬಂದದ್ದು.”

ಗೋಪಾಲಕೃಷ್ಣ ಅವರು ಕಾಗದ ತಿರುವಿ ಹಾಕಿ ಖಾಲಿ ಸಾಲಿನ ಮೇಲೆ ಬೆರಳಿಟ್ಟರು. “ಹೀಗೆ ಟೆಸ್ಟ್ ಮಾಡಿ ಅಂತ ಹೇಳಿಕೊಟ್ಟವರು ಯಾರು?”

“ಸಹಿ ನನ್ನದು ಸಾರ್. ಕೇಳುವುದಿದ್ರೆ ನನ್ನನ್ನೇ ಕೇಳಿ.”

ಬಾಯಿ ತೆರೆಯಲು ನಾಝಿಯಾಗೆ ಪೂರಾ ಒಂದು ನಿಮಿಷವಿತ್ತು. ಅವಳು ತೆರೆಯಲಿಲ್ಲ. ಹೊರಗೆ ಬಂದ ಮೇಲೆ ಆಲ್ಬಿನಾ ಅವಳ ಬೆನ್ನ ಮೇಲೆ ಕೈಯಿಟ್ಟು ಹೇಳಿದರು: “ಹೆದರ್ಬೇಡ ಮಾರಾಯ್ತಿ. ಬರ್ದದ್ದು ನೀನು ಹೌದು, ಓದಿ ಒಪ್ಪಿದ್ದು ನಾನಲ್ವಾ? ಯಲ್ಲಾ, ನಡಿ, ಇನ್ನು ಸರಿ ಮಾಡುವ.”

ಸರಿ ಮಾಡುವುದೆಂದರೆ ಯಂತ್ರವನ್ನೇ ಚಳಿಯೊಳಗೆ ಒಯ್ಯುವುದು. ಮಮ್ಮದ್ ಬ್ಯಾರಿಯವರು ತಲೆ ಕೆರೆದುಕೊಂಡರು. “ಬಾಯಮ್ಮ, ಒಂದು ಮೂಲೆ ತಗೊಳ್ಳಿ. ಆದ್ರೆ ಒಳಗೆ ನೀವು ಗಟ್ಟಿಯಾದ್ರೆ ಅಂಜಲ್ ಮೀನಿನೊಟ್ಟಿಗೆ ದುಬೈಗೆ ಹೋಗ್ತೀರಿ, ಈಗ್ಲೇ ಹೇಳ್ತೇನೆ!” ಹಾಗೆಂದವರು ತಮ್ಮ ಕೆಲಸಗಾರರ ದಪ್ಪ ಕೋಟುಗಳಲ್ಲಿ ಎರಡನ್ನು ತಾವೇ ತಂದುಕೊಟ್ಟರು. ಉಳಿದವರಿಗೆ ಮನೆಮನೆಯಿಂದ ರಗ್ಗು ಬಂತು, ಯಾರೋ ಊಟಿಗೆಂದು ಕೊಂಡಿದ್ದ ಮಂಕಿ ಕ್ಯಾಪು ಬಂತು. ಉರಿಬಿಸಿಲಲ್ಲಿ ರಗ್ಗು ಹೊದ್ದು ಸರದಿಗೆ ಕಾಯುತ್ತಿದ್ದ ಇವರನ್ನು ಲಾರಿ ಚಾಲಕರು ಗಾಡಿ ನಿಲ್ಲಿಸಿ ನೋಡುತ್ತಿದ್ದರು. ಒಬ್ಬೊಬ್ಬರಿಗೆ ಇಪ್ಪತ್ತೇ ನಿಮಿಷ; ಗಡಿಯಾರ ನೋಡಿ ಹೊರಗೆ ಅಟ್ಟುತ್ತಿದ್ದವರು ಆಲ್ಬಿನಾ. ಇದ್ದ ಒಂದೇ ಜೊತೆ ಒಳ್ಳೆಯ ಕೈಗವಸನ್ನು ನಾಝಿಯಾಗೆ ತೊಡಿಸಿ, ತಾವು ಗಂಡನ ಕಾಲುಚೀಲವನ್ನು ಕೈಗೆ ಏರಿಸಿಕೊಂಡಿದ್ದರು.

ನಲವತ್ತರಲ್ಲಿ ಹನ್ನೊಂದು ಬಳೆಗಳು ಒತ್ತಡ ತಡೆಯದೆ ಸೋರಿದವು. ರಬ್ಬರಿನ ಮಿಶ್ರಣವನ್ನೇ ಬದಲಿಸಬೇಕಾಯಿತು. ನೌಕೆಯ ಆ ವರ್ಷದ ಯಾತ್ರೆ ತಪ್ಪಿತು. ಆಡಳಿತ ಮಂಡಳಿ ಆಲ್ಬಿನಾ ಅವರ ಸಹಿಯ ಅಧಿಕಾರವನ್ನು ಒಂದು ವರ್ಷ ಹಿಂತೆಗೆದುಕೊಂಡಿತು. ಅವರಿಗೆ ಬರಬೇಕಿದ್ದ ವಿಭಾಗ ಮುಖ್ಯಸ್ಥರ ಹುದ್ದೆ ಬೇರೊಬ್ಬರ ಪಾಲಾಯಿತು, ಮತ್ತೆಂದೂ ಅವರಿಗೆ ಬರಲಿಲ್ಲ. ಆ ವರ್ಷವೆಲ್ಲ ಅವರು ಬಳೆ ಪರೀಕ್ಷಿಸುತ್ತಿದ್ದರು, ಸಹಿ ಇನ್ಯಾರೋ ಹಾಕುತ್ತಿದ್ದರು. ಬೇಸರವಾಗಿರಲಿಲ್ಲವೆಂದಲ್ಲ, ಮನೆಯಲ್ಲಿ ಅತ್ತಿದ್ದರೆಂದು ಅವರ ಗಂಡ ರಾಬರ್ಟ್ ಬಹಳ ದಿನಗಳ ಮೇಲೆ ಹೇಳಿದರು. ಕಾರ್ಖಾನೆಯಲ್ಲಿ ಮಾತ್ರ ಯಾರ ಹೆಸರೂ ಅವರ ಬಾಯಿಂದ ಹೊರಬೀಳಲಿಲ್ಲ. ನಾಝಿಯಾಳ ನೌಕರಿ ಖಾಯಂ ಆಯಿತು.

೨೦೨೨ರ ಅಕ್ಟೋಬರಿನಲ್ಲಿ ನೌಕೆ ಮಂಜುಗಡ್ಡೆಯ ಅಡಿಗೆ ಇಳಿಯಿತು. ಏಳು ಗಂಟೆಗಳ ನಂತರ ಮೂವರೂ ಮರಳಿದರು. ಗ್ರಾಹಕರ ಪತ್ರವನ್ನು ಗೋಪಾಲಕೃಷ್ಣ ಅವರೇ ಕ್ಯಾಂಟೀನಿನಲ್ಲಿ ನಿಂತು ಓದಿದರು: ಒಳಗೆ ಒಂದು ಹನಿಯೂ ಇರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟುವಾಗ ಆಲ್ಬಿನಾ ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ನಿವೃತ್ತಿಯ ನಂತರವೂ ವಾರಕ್ಕೆರಡು ದಿನ ಬಂದು ಹೊಸಬರಿಗೆ ಕಲಿಸಲು ಅವರು ಒಪ್ಪಿದ್ದಾರೆ. ಆ ಕೈಗಳಿಗೆ ಇನ್ನೂ ಬಹುಕಾಲ ಕಸುವಿರಲಿ, ಅಲ್ ಅಮೇರಾತ್‌ನ ಶುಕ್ರವಾರಗಳು ನಿಲ್ಲದಿರಲಿ, ನೂರು ವರ್ಷ ತುಂಬಿದಾಗಲೂ ಅವರು ಕೂದಲೆಳೆಯ ಗೆರೆ ಕಂಡು ಯಾರನ್ನಾದರೂ ಗದರುತ್ತಿರಲಿ.

ಕಳೆದ ವಾರ ಅವರ ಮೇಜು ಖಾಲಿ ಮಾಡುವಾಗ ೨೦೧೯ರ ಆ ಕಾಗದ ಸಿಕ್ಕಿತು. ‘ವಿಧಾನ ಸಿದ್ಧಪಡಿಸಿದವರು’ ಎಂಬ ಸಾಲು ಹಾಗೆಯೇ ಇತ್ತು. ಆರು ವರ್ಷ ತಡವಾಗಿ ಅಲ್ಲಿ ಈಗ ಒಂದು ಹೆಸರು ಬರೆಯಲಾಗಿದೆ: ನಾಝಿಯಾ. ಈ ಲೇಖನವನ್ನು ಬರೆದವಳೂ ಅವಳೇ.