ದೊಡ್ಡವ್ವನ ಕೆಂಪು ದೀಪ

ಬೆಳಿಗ್ಗೆ ಕರ್ರಗಿರುತ್ತಿದ್ದ ದೊಡ್ಡವ್ವನ ಹುಬ್ಬುಗಳು ಸಂಜೆಯ ಹೊತ್ತಿಗೆ ಬೆಳ್ಳಗಾಗಿರುತ್ತಿದ್ದವು. ರೆಪ್ಪೆ, ಕಿವಿಯ ಮೇಲಿನ ಸಣ್ಣ ಕೂದಲು, ಮೂಗುತಿಯ ಸಂದು, ಎಲ್ಲೆಲ್ಲೂ ಜೋಳದ ಹಿಟ್ಟು. ಮಸ್ಕಿಯಲ್ಲಿ ಅವರ ಮನೆಯ ಮುಂಭಾಗವೇ ಹಿಟ್ಟಿನ ಗಿರಣಿ. ಹೆಸರಿಗೆ ದೊಡ್ಡಪ್ಪನದು, ನಡೆಸುತ್ತಿದ್ದವಳು ಆಕೆ. ಹೆಂಗಸರು ಸಾಲಾಗಿ ಇಟ್ಟ ಡಬ್ಬಿಗಳನ್ನು ದಾಟಿ ಯಾರಾದರೂ ಮುಂದೆ ಬಂದರೆ, ಎಂಥ ದೊಡ್ಡ ಮನೆಯವರಾದರೂ ಸರಿ, "ಡಬ್ಬಿಗೆ ಗೌಡಕಿ ಇರಂಗಿಲ್ರಿ, ಹಿಂದ ಇಡ್ರಿ" ಅನ್ನುತ್ತಿದ್ದಳು. ಬೀಳುವ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ, ಬಿಸಿಯಾಗಿದ್ದರೆ ಗಿರಣಿಯನ್ನೇ ನಿಲ್ಲಿಸುತ್ತಿದ್ದಳು. "ಕಲ್ಲು ಕಾದ್ರ ಹಿಟ್ಟಿನ ಜಿಗಿ ಹೋಗತೈತಿ. ನಾಳೆ ರೊಟ್ಟಿ ಹರಿದ್ರ ಅತ್ತಿ ಬೈಯೋದು ಸೊಸಿಗೆ, ನನಗಲ್ಲ."

ನಮ್ಮೂರು ಸಂತೆಕಲ್ಲೂರು. ಹೈಸ್ಕೂಲಿಗೆಂದು ನಾನು ಅವರ ಮನೆ ಸೇರಿದ್ದೆ. ಮುಂದೆ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತೇನೆ ಅಂದಾಗ ಅಪ್ಪ ಸುತರಾಂ ಒಪ್ಪಲಿಲ್ಲ. ಎಂಬತ್ತರ ದಶಕದ ಮಾತು. "ಹೆಣ್ಣುಹುಡುಗಿ ಕರೆಂಟಿಗೆ ಕೈ ಹಚ್ಚೋದೇನು?" ಎಂದ. ದೊಡ್ಡವ್ವ ಹಿಟ್ಟು ಮೆತ್ತಿದ ಮುಖದಲ್ಲೇ ಎದ್ದು ಬಂದಳು. "ಈ ಮೋಟ್ರನ್ನ ಎತ್ತು ತಿರುಗಸ್ತಾವೇನು? ನಾ ಕರೆಂಟಿಗೆ ಕೈ ಹಚ್ಚೇ ಈ ಮನಿ ನಡಸಾಕತ್ತೀನಿ. ಆಕಿನ್ನ ಕಳಸು." ಅತ್ತಿಗೆಗೆ ಎದುರಾಡುವ ಧೈರ್ಯ ಅಪ್ಪನಿಗಿರಲಿಲ್ಲ. ನಾನು ಇವತ್ತು ಕೈಯಲ್ಲಿ ಒಂದು ವಿದ್ಯೆ ಹಿಡಿದು ದುಡಿದು ತಿನ್ನುತ್ತಿದ್ದೇನೆಂದರೆ ಅದು ಆ ಒಂದು ಮಾತಿನಿಂದ.

ರಾಯಚೂರಿನಲ್ಲಿ ನಾನು ಕೊನೆಯ ವರ್ಷ ಓದುತ್ತಿದ್ದಾಗ ಆಕೆಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ಮಾತು ತೊದಲಾಯಿತು. ಗಿರಣಿ ದೊಡ್ಡಪ್ಪನ ಮೇಲೆ ಬಿತ್ತು. ಒಳಕೋಣೆಯ ಮಂಚದಿಂದ ಆಕೆ ಕರೆದರೆ ಆ ಸದ್ದಿನಲ್ಲಿ ಅವನಿಗೆ ಕೇಳುತ್ತಿರಲಿಲ್ಲ. ಒಂದು ದಿನ ಕರೆದು ಕರೆದು ಸೋತು, ಹಾಸಿಗೆಯಲ್ಲೇ ಆಗಿಹೋಗಿತ್ತು. ನಾನು ಕಾಲೇಜಿನ ಸೂಟಿಗೆ ಹೋದಾಗ ದೊಡ್ಡಪ್ಪ ಅದನ್ನು ಹೇಳುತ್ತಿದ್ದರೆ ಆಕೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

ಗಿರಣಿಯಲ್ಲಿ ಕಾಣುವ ಹಾಗೆ ಒಂದು ದೀಪ ಮಾಡಿಕೊಡುತ್ತೇನೆಂದು ಹೊರಟೆ. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಉರಿಯುವ ದೀಪವಾದರೆ ಆಕೆಯ ಕೈ ಸೋಲುತ್ತದೆ. ಕಾಲೇಜಿನಲ್ಲಿ ಆಗಷ್ಟೇ ಫ್ಲಿಪ್‌ಫ್ಲಾಪ್ ಕಲಿತಿದ್ದೆ. ತಾನು ಹತ್ತಿದೆಯೋ ಆರಿದೆಯೋ ಎಂಬುದನ್ನು ನೆನಪಿಟ್ಟುಕೊಳ್ಳುವ ಸರ್ಕ್ಯೂಟು ಅದು. ಪ್ರತಿ ಸಲ ಗುಂಡಿ ಒತ್ತಿದಾಗಲೂ ಇದ್ದದ್ದು ಅದಲುಬದಲಾಗುತ್ತದೆ: ಆರಿದ್ದರೆ ಹತ್ತುತ್ತದೆ, ಹತ್ತಿದ್ದರೆ ಆರುತ್ತದೆ. ಒಂದೇ ಗುಂಡಿಗೆ ಎರಡು ಕೆಲಸ. ಅದರ ಚಂದಕ್ಕೆ ಮರುಳಾಗಿದ್ದೆ. ಸಿಂಧನೂರಿನ ರೇಡಿಯೋ ಅಂಗಡಿಯಿಂದ ಐಸಿ, ರಿಲೇ ತಂದು ಕಟ್ಟೆಯ ಮೇಲೆ ಕೂತು ಬೆಸುಗೆ ಹಾಕಿದೆ. ಮೊದಲಿಗೆ ಒಮ್ಮೆ ಒತ್ತಿದರೆ ಹತ್ತಿ ಅಲ್ಲೇ ಆರಿಬಿಡುತ್ತಿತ್ತು. ಗುಂಡಿಯೊಳಗಿನ ತಗಡು ಒಂದೇ ಒತ್ತಿಗೆ ಹಲವು ಸಲ ಅದುರುತ್ತಿತ್ತು, ಸರ್ಕ್ಯೂಟು ಅಷ್ಟನ್ನೂ ಎಣಿಸುತ್ತಿತ್ತು. ಒಂದು ಕೆಪ್ಯಾಸಿಟರ್ ಹಾಕಿ ಆ ಅದುರು ಅಡಗಿಸಿದೆ. ಕರೆಂಟು ಹೋದರೆ ಗಿರಣಿಯೂ ನಿಲ್ಲುತ್ತದೆ, ಆಗ ಕರೆದರೆ ಕೇಳುತ್ತದೆ ಎಂದು ಅದನ್ನೂ ಯೋಚಿಸಿದ್ದೆ. ಎಲ್ಲವನ್ನೂ ಯೋಚಿಸಿದ್ದೇನೆ ಎಂಬ ಜಂಬ ಬೇರೆ.

ಕಾಳು ಸುರಿಯುವ ಬಾಯಿಯ ಮೇಲೆ ಕೆಂಪು ಬಲ್ಬು ಕಟ್ಟಿ, ಗುಂಡಿಯನ್ನು ಆಕೆಯ ಎಡಗೈಗೆ ಕೊಟ್ಟೆ. ಹತ್ತಿದ್ದು ಆಕೆಗೂ ತಿಳಿಯಲೆಂದು ಮಂಚದ ಬಳಿ ಸಣ್ಣದೊಂದು ಕೆಂಪು ಚುಕ್ಕಿ. ದೊಡ್ಡವ್ವ ಹತ್ತಿಸಿದಳು. ದೊಡ್ಡಪ್ಪ ಓಡಿ ಬಂದ. "ಏನಿಲ್ಲ... ಸುಮ್ನ ಕರದೆ. ಹೋಗು" ಎಂದು ಆರಿಸಿದಳು. ಕಾಯಿಲೆ ಬಿದ್ದ ಮೇಲೆ ಆಕೆ ನಕ್ಕದ್ದನ್ನು ಅವತ್ತೇ ನೋಡಿದ್ದು. ನನ್ನ ಕೈ ಹಿಡಿದು, "ಕರಿಯೋದೂ ನಂದು, ಬ್ಯಾಡ ಅನ್ನೋದೂ ನಂದು. ಭಾಳ ಚಲೋ ಮಾಡೀದಿ ಬೇ" ಎಂದಳು.

ಆಮೇಲೆ ಆ ದೀಪ ಆಕೆಯ ಬಾಯಿಯೇ ಆಯಿತು. ನೀರಿಗೆಂದು ಕರೆದು, ತಂಬಿಗೆ ತನಗೇ ಎಟುಕಿದರೆ ಗಂಡ ಏಳುವ ಮುಂಚೆ ಆರಿಸುತ್ತಿದ್ದಳು. ಅವನು ಗಿರಾಕಿಗಳ ಜೊತೆ ಹರಟೆಗೆ ಕೂತನೆಂದು ಗುಮಾನಿ ಬಂದರೆ ಪಟಪಟನೆ ಹತ್ತಿಸಿ ಆರಿಸುತ್ತಿದ್ದಳು. "ನೋಡ್ರವಾ, ನಮ್ಮಾಕಿ ಕಣ್ಣು ಹೊಡಿಯಾಕತ್ತಾಳ" ಅನ್ನುತ್ತಿದ್ದ ದೊಡ್ಡಪ್ಪ. ಡಬ್ಬಿ ಹಿಡಿದು ಕೂತ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ಮುಂದಿನ ಸೂಟಿಯಲ್ಲಿ ಒಂದು ಮಧ್ಯಾಹ್ನ ನಾನು ಗಿರಣಿಯಲ್ಲಿ ಕೂತಿದ್ದೆ. ದೀಪ ಹತ್ತಿತು, ಆರಿತು, ಮತ್ತೆ ಹತ್ತಿತು, ಆರಿತು. "ದೊಡ್ಡಪ್ಪ, ಕಣ್ಣು ಹೊಡಿಯಾಕತ್ತಾಳ ನೋಡು" ಎಂದವಳು ನಾನೇ. ಅವನು ನಕ್ಕ. ಆಮೇಲೆ ದೀಪ ಹತ್ತಲಿಲ್ಲ, ನಾವು ಮಾತು ಮುಂದುವರಿಸಿದೆವು. ನೀರು ಕುಡಿಯಲು ಒಳಗೆ ಹೋದ ಹೆಂಗಸೊಬ್ಬಳು ಚೀರಿದಾಗ ಎದ್ದು ಓಡಿದೆವು. ದೊಡ್ಡವ್ವನಿಗೆ ಉಸಿರು ಸಿಗುತ್ತಿರಲಿಲ್ಲ. ಮಂಚದಿಂದ ಅರ್ಧ ಜಾರಿದ್ದಳು, ತುಟಿ ನೀಲಿಗಟ್ಟಿತ್ತು. ಗುಂಡಿ ಇನ್ನೂ ಮುಷ್ಟಿಯಲ್ಲಿತ್ತು. ಜೀಪು ಮಾಡಿಕೊಂಡು ಸಿಂಧನೂರಿನ ದವಾಖಾನೆಗೆ ಒಯ್ದೆವು. ಬದುಕಿದಳು.

ತಪ್ಪು ನನ್ನದು ಎಂದು ದವಾಖಾನೆಯಲ್ಲೇ ಎಲ್ಲರ ಮುಂದೆ ಹೇಳಿ ಅತ್ತೆ. ಜೀವ ಹೋಗುವಾಗ ಯಾರಾದರೂ ಒಂದೇ ಸಲ ಒತ್ತುತ್ತಾರೆಯೇ? ಎರಡನೆಯ ಸಲ ಒತ್ತಿದ್ದಕ್ಕೆ ನನ್ನ ಸರ್ಕ್ಯೂಟು ಆಕೆಯ ಕೂಗನ್ನು ಅಳಿಸಿಹಾಕಿತ್ತು. ತಗಡು ಅದುರೀತೆಂದು ಯೋಚಿಸಿದವಳಿಗೆ ಹೆದರಿದ ಕೈಯೂ ಹಾಗೇ ಹಲವು ಸಲ ಒತ್ತೀತೆಂದು ಹೊಳೆಯಲಿಲ್ಲ. ಯಾರೂ ನನ್ನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. "ಮಷಿನ್ ಬರೋಬರಿ ಐತಿ. ನಾ ಎದ್ದು ನೋಡಬೇಕಿತ್ತು" ಎಂದ ದೊಡ್ಡಪ್ಪ. ದೊಡ್ಡವ್ವ ಕಷ್ಟಪಟ್ಟು, "ನನ್ನ ಕೈ... ಹೆಚ್ಚಿಗಿ ಒತ್ತಿತು. ಹುಡುಗಿದು ಏನೂ ಇಲ್ಲ" ಎಂದಳು. ನಾಲ್ಕು ಬೈದಿದ್ದರೆ ಹಗುರಾಗುತ್ತಿದ್ದೆ.

ಮಸ್ಕಿಗೆ ಮರಳಿದವಳೇ ಸರ್ಕ್ಯೂಟು ಬದಲಿಸಿದೆ. ಇನ್ನು ಎಷ್ಟು ಸಲ ಒತ್ತಿದರೂ ಹತ್ತಿದ ದೀಪ ಹತ್ತಿಯೇ ಇರುತ್ತದೆ, ಆರಿಸುವ ಗುಂಡಿ ಗಿರಣಿಯಲ್ಲಿ ದೊಡ್ಡಪ್ಪನ ಹತ್ತಿರ. ದೊಡ್ಡವ್ವ ಒತ್ತಿದಳು, ಇನ್ನೊಮ್ಮೆ ಒತ್ತಿದಳು. ಮಂಚದ ಬಳಿಯ ಚುಕ್ಕಿ ಆರಲಿಲ್ಲ.

"ನಾ ಆರಸಂಗಿಲ್ಲೇನು?"

"ಬ್ಯಾಡ ದೊಡ್ಡವ್ವ. ದೊಡ್ಡಪ್ಪ ಬಂದು ನಿನ್ನ ನೋಡಿ, ಆಮ್ಯಾಲೆ ಹೋಗಿ ಆರಸ್ತಾನ."

"ಹ್ಞೂಂ" ಎಂದಳು, ಅಷ್ಟೇ. ನಾನು ಆಕೆಯ ಮುಖ ಸರಿಯಾಗಿ ನೋಡಲಿಲ್ಲ, ನೋಡಬೇಕಿತ್ತು.

ತೊಂಬತ್ತರ ದಶಕದಲ್ಲಿ ಮದುವೆಯಾಗಿ ಲಿಂಗಸುಗೂರಿಗೆ ಹೋಗಿ, ಗಂಡನ ಜೊತೆ ಟೀವಿ ರಿಪೇರಿ ಅಂಗಡಿಯಲ್ಲಿ ಕೂತೆ. ಒಮ್ಮೆ ದೊಡ್ಡಪ್ಪ ಬಂದವನು, "ಈಗೀಗ ಆಕಿ ಕರಿಯೋದನ್ನ ಬಿಟ್ಟಾಳವಾ. ಹತ್ತಿಸಿದ್ರ ನಾ ಗಿರಣಿ ನಿಲ್ಲಿಸಿ ಓಡಬೇಕಲ್ಲ, ಗಿರಾಕಿ ಬಯ್ತಾರಂತ ಸುಮ್ನ ಇರತಾಳ" ಎಂದ. ಆಗ ನನಗೆ ಚುರುಕ್ಕೆಂದಿತು. ಆಕೆಯ ಕೈಗೇ ಎರಡು ಗುಂಡಿ ಕೊಟ್ಟಿದ್ದರೆ ಆಗುತ್ತಿತ್ತು: ಒಂದು ಎಷ್ಟು ಒತ್ತಿದರೂ ಹತ್ತಿಸಲು, ಸ್ವಲ್ಪ ದೂರದಲ್ಲಿ ಇನ್ನೊಂದು ಆರಿಸಲು. ಪುಸ್ತಕದಲ್ಲಿ ಫ್ಲಿಪ್‌ಫ್ಲಾಪಿನ ಪಾಠದ ಮೊದಲ ಪುಟದಲ್ಲೇ ಇರುವುದು ಅದು. ಸರಳವೆಂದು ದಾಟಿಹೋಗಿದ್ದೆ. "ಮುಂದಿನ ವಾರ ಬಂದು ಹಾಕಿಕೊಡ್ತೀನಿ" ಎಂದೆ. ಅಂಗಡಿಯಲ್ಲಿ ಕೆಲಸ ತುಂಬಿತ್ತು, ಮಗು ಸಣ್ಣದಿತ್ತು. ಮುಂದಿನ ವಾರ ಮುಂದಿನ ವಾರವೆಂದು ಒಂದು ಸುಗ್ಗಿಯೇ ಕಳೆಯಿತು.

ಬೆಳಗಿನ ಹೊತ್ತು, ಗಿರಣಿ ನಡೆಯುತ್ತಿದ್ದಾಗ ದೊಡ್ಡವ್ವ ಹೋದಳು. "ದೀಪ ಹತ್ತಿರಲಿಲ್ಲ. ಆರಾಮ ಮಲಗ್ಯಾಳ ಅನ್ಕೊಂಡೆ" ಎಂದು ದೊಡ್ಡಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. "ಪುಣ್ಯವಂತಿ, ಯಾರಿಗೂ ತ್ರಾಸು ಕೊಡಲಿಲ್ಲ" ಎಂದು ಅವರು ಸಮಾಧಾನ ಹೇಳುತ್ತಿದ್ದರು. ಒತ್ತಲು ಕೈ ಬರಲಿಲ್ಲವೋ, ಗಿರಾಕಿಗಳ ಎದುರು ಗಂಡ ಗಿರಣಿ ನಿಲ್ಲಿಸಿ ಬರಬೇಕಾದೀತೆಂದು ತಡೆದುಕೊಂಡಳೋ, ನನಗೆ ಗೊತ್ತಿಲ್ಲ. ಬೇಡವೆನಿಸಿದಾಗ ಆರಿಸಬಹುದು ಎಂದಿದ್ದರೆ ಆಕೆ ಹತ್ತಿಸಲು ಹಿಂದೆಮುಂದೆ ನೋಡುತ್ತಿರಲಿಲ್ಲ, ಅದು ಮಾತ್ರ ಗೊತ್ತು.