ಹೆಬ್ಬಾವು ನುಂಗಿದ ಕಂಪ್ಯೂಟರ್

ತೋಡಾರಿನಲ್ಲಿ ಬಾವಿ ಅಗೆಯುವಾಗ ಹದಿನೆಂಟು ಅಡಿಯ ಹೆಬ್ಬಾವನ್ನು ಬರಿಗೈಯಲ್ಲಿ ಹಿಡಿದು ಮೇಲೆ ತಂದವ ನಾನು. ಊರಿನಲ್ಲಿ ಒಬ್ಬನಾದರೂ ನಂಬಬೇಕಲ್ಲ! ಸಾಕ್ಷಿಗೆ ಇದ್ದದ್ದು ಗಲ್ಫಿನಿಂದ ಬಂದು ಆ ಬಾವಿ ತೋಡಿಸುತ್ತಿದ್ದ ಮನೆ ಯಜಮಾನರು ತೆಗೆದ ಒಂದು ಫೋಟೋ. ಮರುದಿನವೇ ಕ್ಯಾಮರಾದ ಮೆಮೊರಿ ಕಾರ್ಡ್ ಕೆಸರಿಗೆ ಬಿದ್ದು ಸತ್ತಿತು.

ಅದನ್ನು ಹಿಡಿದುಕೊಂಡು ಮೂಡುಬಿದಿರೆಯ ಸ್ಟುಡಿಯೋಗೆ ಓಡಿದೆ.

"ಅಜ್ಜ, ಇದಕ್ಕೆ ನೀರು ತಾಗಿದೆಯಾ?" ಎಂದ ಸ್ಟುಡಿಯೋದವ.

"ಕೆಲಸ ಮಾಡದ್ದಕ್ಕೆ ಸಾಬೂನು ಹಾಕಿ ತೊಳೆದು ಬಿಸಿಲಿಗಿಟ್ಟೆ."

"ಕಾರ್ಡನ್ನು ತೊಳೆಯುತ್ತಾರಾ ಮಾರಾಯ್ರೆ?"

"ಕೆಸರು ಮೆತ್ತಿದ್ದನ್ನು ತೊಳೆಯದೆ ನೆಕ್ಕುವುದಾ?"

ಮಧ್ಯಾಹ್ನದವರೆಗೆ ಕಂಪ್ಯೂಟರ್ ಓಡಿಸಿ ಕಾರ್ಡಿನಿಂದ ಫೋಟೋ ಹೊರತೆಗೆದುಕೊಟ್ಟ. ನೋಡಿದರೆ ನನ್ನ ತಲೆ ಉಂಟು, ಎದೆಯವರೆಗೆ ನಾನು ಉಂಟು. ಅದರ ಕೆಳಗೆ ಬರೀ ಬೂದಿ ಬಣ್ಣ.

"ಹಾವು ಎಲ್ಲಿ?"

"ಬಂದದ್ದು ಇಷ್ಟೇ ಅಜ್ಜ. ಹಾವು ಇತ್ತಾ?"

ಅವನೂ ಕೇಳಿದ! ಹದಿನೆಂಟು ಅಡಿಯನ್ನು ಒಂದೇ ಬಾಯಿಗೆ ನುಂಗಿದ ಯಂತ್ರವನ್ನು ಇವರು ನಂಬುತ್ತಾರೆ, ಹಿಡಿದವನನ್ನು ನಂಬುವುದಿಲ್ಲ.