ಹನ್ನೆರಡು ದರ್ಜಿಗಳ ಮನೆಯಲ್ಲಿ ಒಂದೂ ಹೊಲಿಗೆ ಮಷೀನಿಲ್ಲ

ಬೆಳಗಿನ ಐದೂವರೆ. ಮೂರನೇ ಮಹಡಿಯ ಕೊನೆಯ ಬಾಗಿಲಿಗೆ ಹಾಲಿನ ಪುಡಿಯ ಹಳೆಯ ಡಬ್ಬವೊಂದನ್ನು ತಂತಿಯಿಂದ ಬಿಗಿದಿದೆ. ಮುಚ್ಚಳದಲ್ಲಿ ಬೆರಳಗಲದ ಸೀಳು. ಕೆಲಸ ಮುಗಿಸಿದ ಹೆಂಗಸರು ಮುಖ ತೊಳೆದು, ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಮೆಟ್ಟಿಲು ಹತ್ತುತ್ತಾರೆ, ಸೀಳಿನೊಳಗೆ ಒಂದೊಂದು ಚೀಟಿ ತೂರಿಸಿ ಮಲಗಲು ಹೋಗುತ್ತಾರೆ. ಚೀಟಿಯಲ್ಲಿ ಹೆಸರಿಲ್ಲ. ಒಬ್ಬಳದ್ದು ಮೀನಿನ ಗುರುತು, ಒಬ್ಬಳದ್ದು ಬೀಗ, ಇನ್ನೊಬ್ಬಳದ್ದು ಬಾಚಣಿಗೆ. ಗುರುತಿನ ಕೆಳಗೆ ನಿನ್ನೆಯ ಗಳಿಕೆ, ನಿನ್ನೆಯ ಖರ್ಚು.

ಬಾಗಿಲ ಒಳಗೆ, ಮಂಚಕ್ಕೂ ಗೋಡೆಗೂ ನಡುವಿನ ಎರಡು ಗೇಣು ಜಾಗದಲ್ಲಿ ಹಲಗೆ ಹಾಕಿಕೊಂಡು ಕೂತವರು ಲೆಕ್ಕದಕ್ಕ. ವಯಸ್ಸು ನಲವತ್ತಮೂರು. ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಅದು ತೆರಿಗೆ ಕಚೇರಿಗೆ ಮಾತ್ರ ಗೊತ್ತು. ಹತ್ತೊಂಬತ್ತು ವರ್ಷಗಳಿಂದ ಇವರು ಲೈಂಗಿಕ ಕಾರ್ಯಕರ್ತೆ. ಹದಿನೇಳು ವರ್ಷಗಳಿಂದ ದಲ್ಲಾಳಿಯಿಲ್ಲದೆ, ಯಜಮಾನಿಯಿಲ್ಲದೆ, ತಮ್ಮ ಕೋಣೆಗೆ ತಾವೇ ಬಾಡಿಗೆ ಕಟ್ಟಿ ದುಡಿಯುವವರು. ಆರು ವರ್ಷಗಳಿಂದ ತೆರಿಗೆ ಕಟ್ಟುವವರು. ಈ ಕಟ್ಟಡದ ಹನ್ನೊಂದು ಹೆಂಗಸರ ಲೆಕ್ಕ ಬರೆದು, ಅವರಿಂದಲೂ ತೆರಿಗೆ ಕಟ್ಟಿಸುವವರು.

ಇವತ್ತು ಚೀಟಿಗಳಲ್ಲಿ ಇನ್ನೊಂದು ಗುರುತೂ ಬರಬೇಕಿದೆ. ಹನ್ನೊಂದು ಗಂಟೆಗೆ ತೆರಿಗೆ ಕಚೇರಿಯಲ್ಲಿ ವಿಚಾರಣೆ. ಅಲ್ಲಿ ನಿಜ ಹೇಳಬಹುದು ಎನ್ನುವವರು ಒಂದು ಗೆರೆ ಎಳೆಯಬೇಕು, ಬೇಡ ಎನ್ನುವವರು ಸೊನ್ನೆ ಹಾಕಬೇಕು. ಲೆಕ್ಕದಕ್ಕ ಡಬ್ಬ ಬಿಚ್ಚಿ ಚೀಟಿಗಳನ್ನು ಹಲಗೆಯ ಮೇಲೆ ಹರಡುತ್ತಾರೆ. ಏಳು ಗೆರೆ. ನಾಲ್ಕು ಸೊನ್ನೆ. ಬಾಚಣಿಗೆಯ ಕೆಳಗಿನ ಸೊನ್ನೆಯನ್ನು ಎಷ್ಟು ಒತ್ತಿ ಬರೆದಿದೆಯೆಂದರೆ ಕಾಗದ ತೂತಾಗಿದೆ.

ಏನು ವಿಚಾರಣೆ? ಆರು ವರ್ಷದ ಹಿಂದಿನ ಒಂದೇ ಒಂದು ಪದ. ಮೊದಲ ಸಲ ರಿಟರ್ನ್ಸ್ ತುಂಬಿಸಲು ಲೆಕ್ಕದಕ್ಕ ಕಚೇರಿಯ ಹೊರಗೆ ಅರ್ಜಿ ಬರೆಯುವವನ ಮುಂದೆ ಕೂತಿದ್ದರು. ಉದ್ಯೋಗ ಏನು ಎಂದು ಅವನು ತಲೆ ಎತ್ತದೆ ಕೇಳಿದ. ಅವನ ಅಂಗಿಯ ತೋಳಿನ ಹೊಲಿಗೆ ಬಿಚ್ಚಿಹೋಗಿತ್ತು. ಇವರ ಕಣ್ಣು ಅದರ ಮೇಲೇ ಇತ್ತು. ಬಾಯಿಂದ ‘ಹೊಲಿಗೆ’ ಎಂದು ಬಂತು. ಮರುವರ್ಷದಿಂದ ಇವರೇ ಬರೆಯಲು ಕಲಿತರು. ಒಬ್ಬೊಬ್ಬರಾಗಿ ಮನೆಯ ಹೆಂಗಸರು ಸೇರಿಕೊಂಡರು. ಎಲ್ಲರ ಹೆಸರಿನ ಮುಂದೆಯೂ ಹೊಲಿಗೆ, ಹೊಲಿಗೆ, ಹೊಲಿಗೆ. ಕೂಡುವುದರಲ್ಲಿ ಕಳೆಯುವುದರಲ್ಲಿ ಇವತ್ತಿನವರೆಗೆ ಒಂದು ಕಾಸು ತಪ್ಪದ ಹೆಂಗಸು, ಒಂದೇ ವಿಳಾಸದಲ್ಲಿ ಹನ್ನೆರಡು ದರ್ಜಿಗಳನ್ನು ಕೂರಿಸಿಬಿಟ್ಟಿದ್ದರು. ಆ ಮನೆಯಲ್ಲಿ ಗುಂಡಿ ಹಾಕಲು ಸೂಜಿ ಬೇಕೆಂದರೂ ಪಕ್ಕದ ಮನೆಗೆ ಹೋಗಬೇಕು.

ಹೋದ ತಿಂಗಳು ಲೆಕ್ಕದಕ್ಕ ಬ್ಯಾಂಕಿಗೆ ಹೋಗಿ ಸಾಲ ಕೇಳಿದರು. ಕೆಳಗಿನ ಮುಚ್ಚಿದ ಸೈಕಲ್ ರಿಪೇರಿ ಅಂಗಡಿಯನ್ನು ಭೋಗ್ಯಕ್ಕೆ ಹಿಡಿಯುವ ಆಸೆ. ಮ್ಯಾನೇಜರು ಆರು ವರ್ಷದ ಕಾಗದ ತಿರುವಿ, ಇಷ್ಟು ಅಚ್ಚುಕಟ್ಟಾಗಿ ದೊಡ್ಡ ದೊಡ್ಡ ವ್ಯಾಪಾರಿಗಳೂ ಇಡುವುದಿಲ್ಲ ಎಂದು ಹೊಗಳಿ, ಹೊಲಿಗೆ ನಡೆಯುವ ಜಾಗ ನೋಡಿ ಬಾ ಎಂದು ಗುಮಾಸ್ತನನ್ನು ಕಳಿಸಿದರು. ಗುಮಾಸ್ತ ಬಂದ, ಮೂರು ಮಹಡಿ ಹತ್ತಿದ, ಇಳಿದ. ಬ್ಯಾಂಕಿನಿಂದ ತೆರಿಗೆ ಕಚೇರಿಗೆ ಕಾಗದ ಹೋಯಿತು. ಅಲ್ಲಿಂದ ನೋಟೀಸು ಬಂತು. ಸುಳ್ಳು ವಿವರ ಎಂದು ತೀರ್ಮಾನವಾದರೆ ಹನ್ನೆರಡೂ ಮಂದಿಯ ಇವತ್ತಿನವರೆಗಿನ ರಿಟರ್ನ್ಸ್ ರದ್ದು. ಸಾಲವಂತೂ ಗಗನಕುಸುಮ. ಅಂಗಡಿಯ ಮಾಲೀಕ ಕಾಯುವುದು ತಿಂಗಳ ಕೊನೆಯವರೆಗೆ. ಇನ್ನು ಒಂಬತ್ತು ದಿನ.

ಇಲ್ಲಿ ನಿಂತು ಒಂದು ಮಾತು ಕೇಳಬೇಕು. ಈ ಹೆಂಗಸರ ದುಡ್ಡು ಖಜಾನೆಗೆ ಹೋಗುವಾಗ ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ಆ ದುಡ್ಡಿನಲ್ಲಿ ರಸ್ತೆಗೆ ಡಾಂಬರು ಬಿತ್ತು, ಬೀದಿದೀಪ ಹತ್ತಿತು, ಕಚೇರಿಯ ಫ್ಯಾನು ತಿರುಗಿತು. ಕೊಡುವ ಕೈ ಯಾರದೆಂದು ಕೇಳದವರಿಗೆ, ಅದೇ ಕೈ ಮುಂದೆ ಚಾಚಿದಾಗ ಮಾತ್ರ ಕೈಯ ಜಾತಕ ಬೇಕಾಗುತ್ತದೆ. ಸುಳ್ಳು ಹೇಳಿದವರು ಈ ಹನ್ನೆರಡು ಮಂದಿ, ಸರಿ. ನಿಜ ಬರೆಯಲು ಒಂದು ಗೆರೆ ಜಾಗ ಬಿಡದೆ ಸುಳ್ಳು ಬರೆಸಿಕೊಂಡವರು ಯಾರು?

ಕೋಣೆಯ ಮೂಲೆಯಲ್ಲಿ ಇವತ್ತು ಒಂದು ಹೊಲಿಗೆ ಮಷೀನು ನಿಂತಿದೆ. ಬಾಚಣಿಗೆ ಗುರುತಿನವಳು ಬಾಡಿಗೆಗೆ ತಂದದ್ದು. ಇಪ್ಪತ್ತೆಂಟರ ಹುಡುಗಿ, ಚೀಟಿಯ ಗುರುತೇ ಅಡ್ಡಹೆಸರಾಗಿ ಅಂಟಿಕೊಂಡಿದೆ. ನಿನ್ನೆ ಸಂಜೆಯೇ ಕೈಗಾಡಿಯವನನ್ನು ಹಿಡಿದು, ಮೂರು ಮಹಡಿ ಹೊತ್ತು ತರಿಸಿ, ಅದರ ಮುಂದೆ ಬಟ್ಟೆ ಹಿಡಿದು ಕೂತ ಲೆಕ್ಕದಕ್ಕನ ಫೋಟೋ ತೆಗೆದು ಕಾಗದದ ಮೇಲೆ ಅಚ್ಚು ಹಾಕಿಸಿಯೂ ತಂದಿದ್ದಾಳೆ. ಈಗ ಬಾಗಿಲಿಗೆ ಒರಗಿ ನಿಂತಿದ್ದಾಳೆ.

“ಫೋಟೋ ತೋರಿಸು, ಬಾಯಿ ಮುಚ್ಕೊಂಡು ಬಾ. ಅಷ್ಟೇ ಅಕ್ಕ.”

“ಒಂದು ಮಷೀನು, ಹನ್ನೆರಡು ದರ್ಜಿ. ಪಾಳಿ ಹಾಕ್ಕೊಂಡು ಕಾಲು ಆಡಿಸ್ತೀವಿ ಅಂತ ಹೇಳ್ಲಾ?”

ಬಾಚಣಿಗೆ ನಗುವುದಿಲ್ಲ. ಅವಳ ತಂಗಿ ನರ್ಸಿಂಗ್ ಓದುತ್ತಿದ್ದಾಳೆ. ಅಕ್ಕ ಬಟ್ಟೆ ಕಾರ್ಖಾನೆಯಲ್ಲಿದ್ದಾಳೆಂದು ನಂಬಿದ್ದಾಳೆ.

“ನಿನಗೆ ಮುಚ್ಚಿಡೋಕೆ ಯಾರೂ ಇಲ್ಲ, ನಿಜ ಹೇಳ್ಬಹುದು. ನಮಗೆ ಹಂಗಲ್ಲ” ಎಂದು ಅವಳು ಮೆಟ್ಟಿಲಿಳಿದು ಹೋಗುತ್ತಾಳೆ.

ಲೆಕ್ಕದಕ್ಕ ಬಾಚಣಿಗೆಯ ಚೀಟಿಯ ಗಳಿಕೆಯನ್ನೂ ಪುಸ್ತಕಕ್ಕೆ ಏರಿಸುತ್ತಾರೆ.

ಯಾರೂ ಇಲ್ಲವೆನ್ನುವುದು ಪೂರ್ತಿ ಸುಳ್ಳಲ್ಲ. ಗಂಡ ಬಿಟ್ಟುಹೋದಾಗ ಲೆಕ್ಕದಕ್ಕ ಧಾನ್ಯದ ಗೋದಾಮಿನಲ್ಲಿ ಮೂಟೆ ಎಣಿಸುವ ಕೆಲಸದಲ್ಲಿದ್ದರು. ಹತ್ತನೇ ತರಗತಿ ಪಾಸು, ಗಣಿತದಲ್ಲಿ ನೂರಕ್ಕೆ ತೊಂಬತ್ತೊಂದು. ಕೆಲಸ ಉಳಿಯಬೇಕಾದರೆ ಮೇಸ್ತ್ರಿಯ ಕೋಣೆಗೆ ಹೋಗಬೇಕಿತ್ತು. “ಪುಕ್ಕಟೆ ಕೊಡೋ ಬದಲು ಕಾಸಿಗೇ ಕೊಡೋಣ ಅಂತ ಬಂದೆ” ಎನ್ನುತ್ತಾರೆ, ಅಕ್ಕಿಯ ಬೆಲೆ ಹೇಳುವ ದನಿಯಲ್ಲಿ.

ಈಗ ವಾರಕ್ಕೆ ನಾಲ್ಕು ದಿನ ಕೆಲಸ. ದಿನಕ್ಕೆ ಮೂವರು ಗಿರಾಕಿಗಳು, ನಾಲ್ಕನೆಯವನು ಬಂದರೆ ವಾಪಸ್. ಬಂದದ್ದನ್ನು ಹತ್ತು ಪಾಲು ಮಾಡುತ್ತಾರೆ. ಮೂರು ಕೋಣೆಯ ಬಾಡಿಗೆಗೆ, ಎರಡು ಊಟಕ್ಕೆ, ಒಂದು ಡಾಕ್ಟರಿಗೆ ಮತ್ತು ಪರೀಕ್ಷೆಗೆ, ಒಂದು ತೆರಿಗೆಗೆ, ಒಂದು ಕೆಲಸವಿಲ್ಲದ ದಿನಗಳಿಗೆ. ಉಳಿದ ಎರಡು ಪಾಲಿನ ಲಕೋಟೆಯ ಮೇಲೆ ‘ಆಮೇಲೆ’ ಎಂದು ಬರೆದಿದೆ. ಹೊಸದಾಗಿ ಬರುವ ಹುಡುಗಿಯರಿಗೆ ಮೊದಲು ತೋರಿಸುವುದು ಆ ಲಕೋಟೆಯನ್ನೇ.

“ಬೇರೆ ನೌಕರೀಲಿ ವರ್ಷ ಹೋದಂಗೆ ಸಂಬಳ ಏರುತ್ತೆ. ನಮ್ಮದು ಇಳಿಯೋ ಮೆಟ್ಟಿಲು ಕಣ್ರೇ. ಮೈದಾನದಲ್ಲಿ ಆಟ ಆಡೋರೂ ಮೂವತ್ತೈದಕ್ಕೆ ನಿಲ್ಲಿಸ್ತಾರೆ, ಅವರನ್ನ ಯಾರಾದ್ರೂ ಪಾಪ ಅಂತಾರಾ? ಇಳಿಯೋಕೆ ಮುಂಚೆ ಹಿಡ್ಕೊಳ್ಳೋಕೆ ಒಂದು ಹಿಡಿ ಮಾಡ್ಕೊಳ್ಳಿ.”

ನಲವತ್ತೈದಕ್ಕೆ ತಾವು ನಿಲ್ಲಿಸುವುದೆಂದು ಲೆಕ್ಕದಕ್ಕ ತೀರ್ಮಾನಿಸಿದ್ದಾರೆ. ಗೋಡೆಯ ಮೇಲೆ ಇಪ್ಪತ್ತು ತಿಂಗಳ ಇಪ್ಪತ್ತು ಚೌಕ ಬರೆದು, ಮುಗಿದ ಮೂರನ್ನು ಹೊಡೆದುಹಾಕಿದ್ದಾರೆ. ಆಮೇಲೆ ಕೆಳಗಿನ ಅಂಗಡಿಯಲ್ಲಿ ಮೇಜು ಹಾಕಿ ಕೂರುವುದು. ತಳ್ಳುಗಾಡಿಯವರು, ಮನೆಗೆಲಸದವರು, ಗಾಡಿ ಓಡಿಸುವವರು, ಯಾರಿಗೆ ಕಾಗದವೆಂದರೆ ಕೈ ನಡುಗುತ್ತದೋ ಅವರಿಗೆಲ್ಲ ಅರ್ಜಿ ಬರೆದುಕೊಡುವುದು.

ಇಷ್ಟೆಲ್ಲ ಶುರುವಾದದ್ದು ಕೆಳಗಿನ ಮಹಡಿಯ ದೊಡ್ಡಮ್ಮನಿಂದ. ದೊಡ್ಡಮ್ಮನಿಗೆ ಅರವತ್ತಮೂರು. ದುಡಿದದ್ದು ಮೂವತ್ತೈದು ವರ್ಷ. ಆರು ವರ್ಷದ ಹಿಂದೆ ಗರ್ಭಕೋಶದ ಆಪರೇಷನ್ನಿಗೆ ಕಂತಿನ ಸಾಲ ಕೇಳಲು ಹೋದಾಗ ಆದಾಯದ ಪುರಾವೆ ಕೇಳಿದರು. ಮೂವತ್ತೈದು ವರ್ಷ ದುಡಿದವರ ಹತ್ತಿರ ಮೂರಿಂಚಿನ ಚೀಟಿಯೂ ಇರಲಿಲ್ಲ. ಕಿವಿಯ ಓಲೆ ಹೋಯಿತು. ಆಪರೇಷನ್ ಮುಗಿದ ಮೇಲೆ ಅವರನ್ನು ಆಸ್ಪತ್ರೆಯಿಂದ ಕರೆತಂದ ಲೆಕ್ಕದಕ್ಕ, ಮರುದಿನ ಬೆಳಿಗ್ಗೆ ತಾವಾಗಿಯೇ ತೆರಿಗೆ ಕಚೇರಿಗೆ ನಡೆದರು. ಜನ ಇಲ್ಲಿಂದ ತಪ್ಪಿಸಿಕೊಂಡು ಓಡುತ್ತಾರೆ, ನೀನು ಓಡಿ ಬರ್ತಿದ್ದೀಯಲ್ಲ ಎಂದು ಜವಾನ ನಕ್ಕಿದ್ದನಂತೆ.

ಹತ್ತೂವರೆಗೆ ಲೆಕ್ಕದಕ್ಕ ಕಚೇರಿಯ ಬೆಂಚಿನ ಮೇಲೆ. ಚೀಲದಲ್ಲಿ ಆರು ಲೆಕ್ಕದ ಪುಸ್ತಕ, ಮಷೀನಿನ ಫೋಟೋ, ಹನ್ನೊಂದು ಚೀಟಿ. ಎದುರಿನ ಗೋಡೆಯ ಮೇಲೆ ತೆರಿಗೆದಾರರೇ ನಾಡಿನ ಬೆನ್ನೆಲುಬು ಎಂಬ ಬರಹ. ಇವರ ಬೆನ್ನಿನಿಂದ ಬೆವರಿಳಿಯುತ್ತಿದೆ. ಏಳು ಮಂದಿ ಹೂಂ ಅಂದಿದ್ದಾರೆ. ಆದರೆ ವಿಳಾಸ ಒಂದೇ; ಏಳು ಮಂದಿಯದು ಇಂಥ ಕೆಲಸವೆಂದರೆ ಉಳಿದ ನಾಲ್ವರು ದರ್ಜಿಗಳೆಂದು ಯಾವ ಮೂರ್ಖ ನಂಬುತ್ತಾನೆ? ನಿಜ ಹೇಳಿದರೆ ನಾಲ್ವರ ಮುಸುಕು ಹರಿಯುತ್ತದೆ. ಫೋಟೋ ತೋರಿಸಿದರೆ ಇಷ್ಟು ವರ್ಷದ ಪ್ರತಿ ಅಂಕಿಯೂ ಸುಳ್ಳಿನ ಹೊಲಿಗೆಯಲ್ಲಿ ನಿಲ್ಲುತ್ತದೆ, ಎಳೆದರೆ ಪೂರ್ತಿ ಬಿಚ್ಚುತ್ತದೆ.

ಒಳಗೆ ಅಧಿಕಾರಿಣಿ. ಕನ್ನಡಕ ಹಣೆಯ ಮೇಲೆ, ಮುಂದೆ ಕಂಪ್ಯೂಟರು, ಬೆಳಿಗ್ಗೆಯಿಂದ ಇದು ಒಂಬತ್ತನೇ ಕಡತ. ಕೂರಲು ಹೇಳುತ್ತಾರೆ. ನೇರವಾಗಿ ಕೇಳುತ್ತಾರೆ.

“ಏನು ಹೊಲೀತೀರಮ್ಮ?”

ಲೆಕ್ಕದಕ್ಕನ ಕೈ ಚೀಲದೊಳಗೆ ಹೋಗುತ್ತದೆ. ಫೋಟೋದ ಅಂಚು ಬೆರಳಿಗೆ ತಾಗುತ್ತದೆ. ಕೈ ಖಾಲಿಯಾಗಿಯೇ ಹೊರಗೆ ಬರುತ್ತದೆ.

“ಮೇಡಂ, ನಾನು ಕಟ್ಟಿದ್ದರಲ್ಲಿ ಒಂದು ಕಾಸು ಕಮ್ಮಿ ಇದೆಯಾ?”

ಅಧಿಕಾರಿಣಿ ಪರದೆ ನೋಡುತ್ತಾರೆ. ಇಲ್ಲ. ಒಂದು ವರ್ಷ ಹೆಚ್ಚೇ ಕಟ್ಟಿದೆ, ವಾಪಸ್ ಕೇಳಿಲ್ಲ.

“ಹಂಗಾದ್ರೆ ಹೊಲಿಗೆ ಅನ್ನೋದೊಂದೇ ಸುಳ್ಳು. ಲೈಂಗಿಕ ಕಾರ್ಯಕರ್ತೆ ಅಂತ ಪೇಪರಿನೋರು ಬರೀತಾರಲ್ಲ, ನನ್ನದು ಆ ಕೆಲಸ.”

ಫ್ಯಾನಿನ ಸದ್ದು. ಪಕ್ಕದ ಮೇಜಿನ ಗುಮಾಸ್ತನ ಬೆರಳು ಕೀಲಿಗಳ ಮೇಲೆ ನಿಂತುಬಿಟ್ಟಿದೆ. ಅಧಿಕಾರಿಣಿ ಕನ್ನಡಕ ಇಳಿಸಿಕೊಂಡು ಮಿಕ್ಕ ಹನ್ನೊಂದು ಮಂದಿಯ ಬಗ್ಗೆ ಕೇಳುತ್ತಾರೆ. ಆ ಪ್ರಶ್ನೆಗೆ ಲೆಕ್ಕದಕ್ಕ ಬೆಂಚಿನ ಮೇಲೆಯೇ ಉತ್ತರ ಜೋಡಿಸಿಕೊಂಡಿದ್ದಾರೆ. ಅವರು ಖಾಲಿ ಅರ್ಜಿಗೆ ಸಹಿ ಹಾಕಿಕೊಟ್ಟರು, ಉದ್ಯೋಗದ ಜಾಗದಲ್ಲಿ ಬರೆದದ್ದು ತಾನು. ತಪ್ಪು ತನ್ನದು, ದಂಡ ತನಗಿರಲಿ. “ಅವರ ಕೆಲಸ ಏನು ಅಂತ ಅವರೇ ಬಂದು ಹೇಳ್ಬೇಕು. ಇನ್ನೊಬ್ಬರ ಬಾಯಿಂದ ಹೇಳಿಸೋದು ನ್ಯಾಯ ಅಲ್ಲ. ನಾನು ಒಂದ್ಸಲ ಆ ತಪ್ಪು ಮಾಡಿದ್ದೀನಿ.”

ಅಧಿಕಾರಿಣಿ ಉದ್ಯೋಗಗಳ ಪಟ್ಟಿ ತೆರೆದು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಹುಡುಕುತ್ತಾರೆ. ಗಾರುಡಿಗರಿದ್ದಾರೆ. ಜ್ಯೋತಿಷಿಗಳಿದ್ದಾರೆ. ಕುದುರೆ ಪಳಗಿಸುವವರೂ ಇದ್ದಾರೆ.

“ನಿಮ್ಮ ಕೆಲಸ ಈ ಪಟ್ಟೀಲಿ ಇಲ್ಲಮ್ಮ.”

“ಹಂಗಾದ್ರೆ ಇಷ್ಟು ವರ್ಷ ಯಾವ ಕೆಲಸದ ತೆರಿಗೆ ತಗೊಂಡ್ರಿ ಮೇಡಂ?”

ದನಿ ಏರಿಸಿ ಕೇಳಿದ ಮಾತಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದಂತೆ ಕೇಳಿದ್ದು. ಗುಮಾಸ್ತ ಕೆಮ್ಮುತ್ತಾನೆ. ಅಧಿಕಾರಿಣಿ ‘ಇತರೆ’ ಎಂಬುದನ್ನು ಆರಿಸಿ, ಅಚ್ಚು ಹಾಕಿಸಿ, ಆ ಪದದ ಪಕ್ಕದಲ್ಲಿ ಪೆನ್ನಿನಿಂದ ಎರಡು ಪದ ಬರೆದು, ಸಹಿ ಹಾಕಿ ಸೀಲು ಒತ್ತುತ್ತಾರೆ. ತಪ್ಪು ವಿವರಕ್ಕೆ ದಂಡ: ಲೆಕ್ಕದಕ್ಕನ ಎರಡು ವಾರದ ದುಡಿಮೆ. ಆರು ವರ್ಷದ ಲೆಕ್ಕ ಹಾಗೆಯೇ ನಿಲ್ಲುತ್ತದೆ. ಉಳಿದ ಹನ್ನೊಂದು ಮಂದಿಗೆ ತಾವೇ ಬಂದು, ತಮ್ಮ ತಮ್ಮ ವರ್ಷಗಳ ದಂಡ ಕಟ್ಟಿ ತಿದ್ದಿಸಿಕೊಳ್ಳಲು ಮೂವತ್ತು ದಿನ. ಒಬ್ಬೊಬ್ಬರಾಗಿ, ಬಾಗಿಲು ಹಾಕಿಕೊಂಡು. ಬಾರದವರ ರಿಟರ್ನ್ಸ್ ಮಾತ್ರ ರದ್ದು.

ಮಧ್ಯಾಹ್ನ ಅದೇ ಕಾಗದ ಬ್ಯಾಂಕಿನ ಮೇಜಿಗೆ ಹೋಗುತ್ತದೆ. ಹೋದ ತಿಂಗಳು ಹೊಗಳಿದ ಮ್ಯಾನೇಜರು ಇವತ್ತು ಕಾಗದವನ್ನು ಎರಡು ಬೆರಳಿನ ತುದಿಯಲ್ಲಿ ಹಿಡಿಯುತ್ತಾರೆ. ಅಂಕಿಗಳು ಅವೇ, ಒಂದೂ ಬದಲಾಗಿಲ್ಲ. ಇಲ್ಲವೆನ್ನಲು ಕಾರಣ ಸಿಗದೆ, ಹೂಂ ಎನ್ನಲು ನಾಲಿಗೆ ಹೊರಳದೆ, ಮೇಲಿನವರನ್ನು ಕೇಳಿ ಹೇಳುತ್ತೇನೆ ಎನ್ನುತ್ತಾರೆ. ಒಂಬತ್ತು ದಿನವೂ ಬೆಳಿಗ್ಗೆ ಹತ್ತಕ್ಕೆ ಬಂದು ಇಲ್ಲೇ ಕೂರುತ್ತೇನೆ ಎಂದು ಲೆಕ್ಕದಕ್ಕ ವಿನಯವಾಗಿಯೇ ತಿಳಿಸಿ ಬಂದಿದ್ದಾರೆ.

ಸಂಜೆ ಲೆಕ್ಕದಕ್ಕ ಮನೆಗೆ ಬಂದು ನಡೆದದ್ದನ್ನು ಎಲ್ಲರಿಗೂ ಹೇಳುತ್ತಾರೆ. ಬಾಡಿಗೆ ಸಂಜೆಯವರೆಗಿದೆ, ದಂಡ ಮಾಡುವುದೇಕೆಂದು ದೊಡ್ಡಮ್ಮ ಆ ಮಷೀನಿನಲ್ಲಿ ಹರಿದ ದಿಂಬಿನ ಚೀಲಗಳನ್ನೆಲ್ಲ ಹೊಲಿದು ಮುಗಿಸಿದ್ದಾರೆ. “ಹನ್ನೆರಡು ದರ್ಜಿ ಇಟ್ಕೊಂಡು ಮುದುಕಿ ಕೈಲಿ ಹೊಲಿಸ್ತೀರಲ್ಲೇ” ಎನ್ನುತ್ತಾರೆ. ಬಾಚಣಿಗೆಯ ಬಾಗಿಲು ಮುಚ್ಚಿದೆ.

ಏನು ಆಸೆ ಎಂದರೆ ಲೆಕ್ಕದಕ್ಕ ದೊಡ್ಡದೇನನ್ನೂ ಹೇಳುವುದಿಲ್ಲ. “ಹಗಲು ಹೊತ್ತು ಬಾಗಿಲು ಪೂರ್ತಿ ತೆಗೆದಿಟ್ಕೊಂಡು ಕೆಲಸ ಮಾಡ್ಬೇಕು. ಎದುರುಗಡೆ ಹೋಗೋರು ಒಳಗೆ ನೋಡಿದ್ರೆ ನೋಡ್ಲಿ.” ಸೀಲು ಒತ್ತಿದ ಕಾಗದದ ನಕಲನ್ನು ಗೋಡೆಯ ಚೌಕಗಳ ಪಕ್ಕದಲ್ಲಿ ಅಂಟಿಸಿದ್ದಾರೆ.

ಮರುದಿನ ಐದೂವರೆ. ಡಬ್ಬದಲ್ಲಿ ಹನ್ನೊಂದು ಚೀಟಿ. ಬಾಚಣಿಗೆಯ ಗುರುತಿನ ಕೆಳಗೆ ಇವತ್ತು ಸೊನ್ನೆಯೂ ಇಲ್ಲ, ಗೆರೆಯೂ ಇಲ್ಲ. ಗಳಿಕೆ, ಖರ್ಚು, ಅದರ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು: ಒಬ್ಬರಿಗೆ ದಂಡ ಎಷ್ಟಾಗತ್ತೆ ಅಕ್ಕ?

ಲೆಕ್ಕದಕ್ಕ ಪೆನ್ನು ತೆಗೆದುಕೊಳ್ಳುತ್ತಾರೆ. ಬಾಚಣಿಗೆಯ ಎರಡು ವರ್ಷದ ಲೆಕ್ಕ ತೆಗೆದು, ಕೂಡಿ, ಕಳೆದು, ಇನ್ನೊಂದು ಸಲ ಕೂಡಿ ನೋಡಿ ಚೀಟಿಯ ಹಿಂದೆ ಮೊತ್ತ ಬರೆಯುತ್ತಾರೆ. ಅದರ ಕೆಳಗೆ ಇನ್ನೊಂದು ಸಾಲು ಬರೆದು, ಎರಡು ಮಹಡಿ ಇಳಿದು, ಅವಳ ಬಾಗಿಲ ಕೆಳಗೆ ತೂರಿಸಿ ಬರುತ್ತಾರೆ.

ಬೆಂಚಿನ ಮೇಲೆ ಪಕ್ಕದಲ್ಲಿ ನಾನು ಕೂತಿರ್ತೀನಿ. ಅದಕ್ಕೆ ಕಾಸು ಬೇಡ.